ಒಂದು ಸೀಟು ಕಡಿಮೆ ಬಿದ್ದಾಗ ನೆನಪಾಗುವ ಊರು

2019ರ ಫೆಬ್ರುವರಿ 8ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಜೆಟ್ ಮಂಡಿಸಬೇಕಿತ್ತು. ಸದನಕ್ಕೆ ಹೋಗುವ ಮೊದಲು ಅವರು ಪತ್ರಕರ್ತರನ್ನು ಕರೆದು ಒಂದು ಧ್ವನಿಮುದ್ರಿಕೆ ಕೇಳಿಸಿದರು. ಗುರುಮಠಕಲ್ ಶಾಸಕ ನಾಗನಗೌಡ ಕಂದಕೂರರನ್ನು ಜೆಡಿಎಸ್‌ನಿಂದ ಬಿಜೆಪಿಗೆ ಸೆಳೆಯಲು ಅವರ ಮಗ ಶರಣಗೌಡರ ಮುಂದೆ ಯಡಿಯೂರಪ್ಪನವರು ಆಮಿಷ ಒಡ್ಡಿದ್ದಾರೆ ಎಂಬುದು ಆರೋಪ. ಅದು ತಮ್ಮ ಧ್ವನಿಯೇ ಅಲ್ಲ ಎಂದು ಯಡಿಯೂರಪ್ಪ ಮೊದಲು ಹೇಳಿದರು. ಎರಡು ದಿನ ಕಳೆಯುವಷ್ಟರಲ್ಲಿ, ಶರಣಗೌಡರನ್ನು ಭೇಟಿಯಾದದ್ದು ನಿಜ, ಆದರೆ ಮಾತುಕತೆಯನ್ನು ಬೇಕಾದ ಹಾಗೆ ಕತ್ತರಿಸಿ ಜೋಡಿಸಿದ್ದಾರೆ ಎಂದರು. ಭೇಟಿ ನಡೆದ ಜಾಗ ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗದ ಪ್ರವಾಸಿ ಮಂದಿರ. ನಮ್ಮ ಕಡೆ ಮಂದಿ ಇವತ್ತಿಗೂ ಅದನ್ನು ಐಬಿ ಅಂತಲೇ ಕರೆಯುವುದು.

ಆಗ 224 ಸ್ಥಾನಗಳ ವಿಧಾನಸಭೆಯಲ್ಲಿ ಬಿಜೆಪಿಗೆ 104 ಇತ್ತು, ಸರಳ ಬಹುಮತಕ್ಕೆ 113 ಬೇಕಿತ್ತು. ರಾಜ್ಯದ ಸರ್ಕಾರ ಉಳಿಯಬೇಕೋ ಬೀಳಬೇಕೋ ಎಂಬ ಲೆಕ್ಕ ನಡೆದದ್ದು ಬೆಂಗಳೂರಿನ ಹೋಟೆಲಿನಲ್ಲೋ ದಿಲ್ಲಿಯಲ್ಲೋ ಅಲ್ಲ, ರಾಜ್ಯದ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ಊರಿನ ಐಬಿಯಲ್ಲಿ. ಆ ವಾರ ಕರ್ನಾಟಕದ ಟಿ.ವಿ. ಚಾನೆಲ್ಲುಗಳೆಲ್ಲ ದೇವದುರ್ಗದ ಹೆಸರು ಹೇಳಿದವು. ಮುಂದಿನ ವಾರ ಮರೆತವು.

ಈ ನೆನಪಾಗುವ ಮತ್ತು ಮರೆತುಹೋಗುವ ಆಟವೇ ನಮ್ಮ ಕ್ಷೇತ್ರದ ಚುನಾವಣಾ ಚರಿತ್ರೆ ಎಂದು ನನಗೆ ಬಹಳ ದಿನದಿಂದ ಅನಿಸಿದೆ. ದೇವದುರ್ಗದ ಓಟಿಗೆ ಬೆಲೆ ಏರುವುದು ದೇವದುರ್ಗದ ಮಂದಿಗೆ ಏನೋ ಬೇಕಾದಾಗಲ್ಲ. ದೂರದಲ್ಲಿ ಯಾರಿಗೋ ಒಂದು ಸೀಟು ಕಡಿಮೆ ಬಿದ್ದಾಗ.

ಇದು ನಮಗಷ್ಟೇ ಬಂದ ಕಥೆಯೂ ಅಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಡೆಲವೇರ್ ಎಂಬ ಪುಟ್ಟ ರಾಜ್ಯವಿದೆ. 1787ರ ಡಿಸೆಂಬರ್ 7ರಂದು ಆ ದೇಶದ ಸಂವಿಧಾನಕ್ಕೆ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟ ರಾಜ್ಯ ಅದು. ಒಟ್ಟು ಮೂರೇ ಜಿಲ್ಲೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 9,89,948. ನಮ್ಮ ರಾಯಚೂರು ಜಿಲ್ಲೆಯಲ್ಲಿ 2011ರಲ್ಲೇ 19,28,812 ಜನ ಇದ್ದರು. ಹೀಗೆ ನಮ್ಮ ಒಂದು ಜಿಲ್ಲೆಯ ಅರ್ಧದಷ್ಟೇ ಇರುವ ಆ ರಾಜ್ಯಕ್ಕೆ ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ಇಬ್ಬರು ಸದಸ್ಯರು. ನಾಲ್ಕು ಕೋಟಿಗೆ ಹತ್ತಿರದ ಕ್ಯಾಲಿಫೋರ್ನಿಯಕ್ಕೂ ಇಬ್ಬರೇ. ದೊಡ್ಡವರು ತಮ್ಮನ್ನು ನುಂಗಿಬಿಡುತ್ತಾರೆ ಎಂದು ಹೆದರಿದ್ದ ಸಣ್ಣ ರಾಜ್ಯಗಳು ಸಂವಿಧಾನ ಬರೆಯುವಾಗಲೇ ಹಟ ಹಿಡಿದು ಬರೆಸಿಕೊಂಡ ನಿಯಮ ಇದು. 1973ರಿಂದ 2009ರವರೆಗೆ ಆ ಇಬ್ಬರಲ್ಲಿ ಒಬ್ಬರಾಗಿದ್ದ ಜೋ ಬೈಡನ್ ಮುಂದೆ ಅಧ್ಯಕ್ಷರೂ ಆದರು.

ಇಷ್ಟು ಚಿಕ್ಕ ಜಾಗಕ್ಕೆ ಇಷ್ಟು ದೊಡ್ಡ ಕುರ್ಚಿ ಇದ್ದರೆ ವ್ಯಾಪಾರಸ್ಥರ ಕಣ್ಣು ಬೀಳದೆ ಇರುತ್ತದೆಯೇ? ಆ ಕಾಲದಲ್ಲಿ ಸೆನೆಟರನ್ನು ಆರಿಸುತ್ತಿದ್ದುದು ಜನರಲ್ಲ, ರಾಜ್ಯದ ಶಾಸಕರು. 1889ರಲ್ಲಿ ಎಡ್ವರ್ಡ್ ಆಡಿಕ್ಸ್ ಎಂಬ ಗ್ಯಾಸ್ ಕಂಪನಿಗಳ ಧಣಿ ಲೆಕ್ಕ ಹಾಕಿದ. ದೊಡ್ಡ ರಾಜ್ಯದಲ್ಲಿ ಸೆನೆಟರ್ ಆಗಲು ನೂರಾರು ಶಾಸಕರನ್ನು ಒಲಿಸಬೇಕು, ಡೆಲವೇರಿನಲ್ಲಿ ಬೆರಳೆಣಿಕೆಯ ಶಾಸಕರು ಸಾಕು. ಹಣ ಸುರಿದ. ರಿಪಬ್ಲಿಕನ್ ಪಕ್ಷವನ್ನು ಎರಡು ಹೋಳು ಮಾಡಿದ. ಆದರೆ ಅವನನ್ನು ಕಂಡರಾಗದ ಇನ್ನೊಂದು ಹೋಳು ಕೊನೆಯವರೆಗೂ ಬಗ್ಗಲಿಲ್ಲ. ತಾನಾಗದಿದ್ದರೆ ಬೇರೆ ಯಾರೂ ಆಗಕೂಡದು ಎಂಬ ಅವನ ಹಟದಿಂದ ವರ್ಷಗಟ್ಟಲೆ ಆಯ್ಕೆಯೇ ಆಗದೆ, 1901ರಿಂದ 1903ರವರೆಗೆ ಡೆಲವೇರಿಗೆ ಸೆನೆಟ್‌ನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ಆಡಿಕ್ಸ್ ಸೆನೆಟರ್ ಆಗಲೇ ಇಲ್ಲ, 1919ರಲ್ಲಿ ಕೈಬರಿದಾಗಿ ಸತ್ತ. ಸೆನೆಟರನ್ನು ಜನರೇ ನೇರವಾಗಿ ಆರಿಸಲಿ ಎಂದು 1913ರಲ್ಲಿ ಅಮೆರಿಕ ತನ್ನ ಸಂವಿಧಾನಕ್ಕೆ ಹದಿನೇಳನೆಯ ತಿದ್ದುಪಡಿ ತಂದದ್ದರ ಹಿಂದೆ ಡೆಲವೇರಿನ ಈ ಅವಾಂತರದ ಪಾಲೂ ಇದೆ. ಮೋಜೆಂದರೆ, ಆ ತಿದ್ದುಪಡಿಗೆ ಸ್ವತಃ ಡೆಲವೇರ್ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 2010ರಲ್ಲಿ!

ಅವರಿಗೂ ನಮಗೂ ವ್ಯತ್ಯಾಸವಿದೆ. ಸಣ್ಣ ರಾಜ್ಯಕ್ಕೆ ಅಲ್ಲಿ ಕಾನೂನೇ ತೂಕ ಕೊಟ್ಟಿದೆ, ಮುನ್ನೂರ ಅರವತ್ತೈದು ದಿನವೂ ಆ ತೂಕ ಇರುತ್ತದೆ. ರಾಯಚೂರು ಜಿಲ್ಲೆಗೆ ಇರುವವರು ಏಳು ಶಾಸಕರು. ರಾಯಚೂರು ನಗರ, ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಲಿಂಗಸುಗೂರು, ಸಿಂಧನೂರು, ಮಸ್ಕಿ. 224ರಲ್ಲಿ ಏಳು ಎಂದರೆ, ಸುಮ್ಮನಿದ್ದ ಕಾಲಕ್ಕೆ ಯಾರೂ ತಿರುಗಿ ನೋಡದಷ್ಟು. ನಮಗೆ ತೂಕ ಬರುವುದು ತಕ್ಕಡಿ ತೂಗಾಡುವಾಗ ಮಾತ್ರ.

ಹಿಂದಿನದನ್ನು ಸ್ವಲ್ಪ ನೋಡೋಣ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕೆ ಆಳುವವರು ಬದಲಾಗುವುದು ಹೊಸದಲ್ಲ. ಹೈದರಾಬಾದಿನ ನಿಜಾಮರು ಸಾಲಕ್ಕೆ ಈಡಾಗಿ 1853ರಲ್ಲಿ ರಾಯಚೂರು ದೋಆಬನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು, 1860ರಲ್ಲಿ ಅದು ಮರಳಿ ಅವರ ಕೈಸೇರಿತು. ಎರಡು ಸಲವೂ ಇಲ್ಲಿನ ರೈತನನ್ನು ಯಾರೂ ಕೇಳಿರಲಿಕ್ಕಿಲ್ಲ. ಕೇಳುವ ಪದ್ಧತಿ ಶುರುವಾದದ್ದು 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದ ನಂತರ, ಹೈದರಾಬಾದ್ ರಾಜ್ಯದಲ್ಲಿ ಮೊದಲ ಮಹಾಚುನಾವಣೆ ನಡೆದಾಗ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತು. ಓದು ಬರಹ ಬಾರದ ಮತದಾರ ಗುರುತು ನೋಡಿ ಚೀಟಿ ಹಾಕಬೇಕಿತ್ತು. 175 ಸ್ಥಾನಗಳ ಹೈದರಾಬಾದ್ ವಿಧಾನಸಭೆಯಲ್ಲಿ ಕಾಂಗ್ರೆಸ್ 93 ಗೆದ್ದು ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ಆ ಗಾಳಿಯಲ್ಲೂ ಅಂದಿನ ರಾಯಚೂರು ಜಿಲ್ಲೆಯಲ್ಲೇ ಇದ್ದ ಕುಷ್ಟಗಿಯ ಲೋಕಸಭಾ ಕ್ಷೇತ್ರದಿಂದ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಗೆದ್ದರು. ವಿಮೋಚನಾ ಹೋರಾಟದಲ್ಲಿ ಜನರ ಜತೆ ನಿಂತಿದ್ದ ಮನುಷ್ಯನಿಗೆ ಪಕ್ಷದ ಗುರುತು ಬೇಕಾಗಲಿಲ್ಲ.

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಒಡೆಯಿತು. ರಾಯಚೂರು ಜಿಲ್ಲೆಯ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಹೈದರಾಬಾದಿನ ಕಡೆ ಮುಖ ಮಾಡಿದ್ದ ಮಂದಿ ಬೆಂಗಳೂರಿನ ಕಡೆ ತಿರುಗಿದರು. ದೂರ ಮಾತ್ರ ಹೆಚ್ಚಾಯಿತು.

ನಮ್ಮ ಜಾಲಹಳ್ಳಿ ದೇವದುರ್ಗ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದಾಗಿತ್ತು. ಉಳಿದವು ದೇವದುರ್ಗ, ಅರಕೇರಾ, ಗಬ್ಬೂರು. ದೇವದುರ್ಗದಿಂದ ತಿಂಥಣಿ ಸೇತುವೆಯ ಕಡೆ ಹೊರಟರೆ ದಾರಿಯಲ್ಲಿ ಜಾಲಹಳ್ಳಿ. ಸೇತುವೆ ದಾಟಿದರೆ ಸುರಪುರದ ಸೀಮೆ. ಹೊಳೆಯ ಆಚೆಗೂ ಈಚೆಗೂ ಬೇಡ ನಾಯಕರ ಸಂಸ್ಥಾನಗಳಿದ್ದ ಪ್ರದೇಶ ಇದು. ಇಲ್ಲಿನ ರಾಜಕೀಯ ಅರ್ಥವಾಗಬೇಕಾದರೆ ಇದನ್ನು ಮೊದಲು ತಿಳಿದಿರಬೇಕು.

ರಾಯಚೂರು ಲೋಕಸಭಾ ಕ್ಷೇತ್ರ ಮೀಸಲಾದದ್ದು ತೀರ ಇತ್ತೀಚೆಗೆ. ಅದಕ್ಕೂ ಬಹಳ ಮೊದಲೇ, ಸಾಮಾನ್ಯ ಕ್ಷೇತ್ರವಾಗಿದ್ದಾಗಲೇ, ನಾಯಕ ಸಮುದಾಯದವರು ಇಲ್ಲಿ ಗೆಲ್ಲುತ್ತಿದ್ದರು. 1967ರಲ್ಲಿ ರಾಜಾ ವೆಂಕಟಪ್ಪ ನಾಯಕ ಸ್ವತಂತ್ರ ಪಕ್ಷದಿಂದ ಗೆದ್ದರು, 1996ರಲ್ಲಿ ರಾಜಾ ರಂಗಪ್ಪ ನಾಯಕ ಜನತಾದಳದಿಂದ. ಇವರಿಬ್ಬರೂ ಅರಸು ಮನೆತನದವರು. ಅರಕೇರಾದ ಎ. ವೆಂಕಟೇಶ ನಾಯಕರು ಕಾಂಗ್ರೆಸ್ಸಿನಿಂದ ನಾಲ್ಕು ಸಲ ಲೋಕಸಭೆಗೆ ಹೋದರು, 1991, 1998, 1999 ಮತ್ತು 2004ರಲ್ಲಿ. ಮೀಸಲಾತಿಯಿಂದಲೇ ಇವರೆಲ್ಲ ಮೇಲೆ ಬಂದರು ಎಂದು ಈಗ ಸಲೀಸಾಗಿ ಹೇಳುವವರು ಈ ಪಟ್ಟಿಯನ್ನೊಮ್ಮೆ ಓದಬೇಕು.

ವಿಧಾನಸಭೆಯ ಲೆಕ್ಕ ಬೇರೆ. 2008ರ ತನಕ ದೇವದುರ್ಗ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 1994ರಲ್ಲಿ ಇಲ್ಲಿಂದ ಗೆದ್ದವರು ಜನತಾದಳದ ಬಿ.ಟಿ. ಲಲಿತಾ ನಾಯಕ್. ಚಿಕ್ಕಮಗಳೂರು ಜಿಲ್ಲೆಯ ಕಡೂರು ಸೀಮೆಯ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು, ಬಂಡಾಯದ ಲೇಖಕಿ. ಇಲ್ಲಿಂದ ಹೋಗಿ ಜೆ.ಎಚ್. ಪಟೇಲರ ಸಂಪುಟದಲ್ಲಿ ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು. ರಾಜ್ಯದ ಸಂಸ್ಕೃತಿ ಖಾತೆ ದೇವದುರ್ಗದ ಶಾಸಕಿಯ ಕೈಯಲ್ಲಿತ್ತು ಎಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ಎಲ್ಲೋ ಹುಟ್ಟಿದ ಲೇಖಕಿಯನ್ನು ತಮ್ಮವಳೆಂದು ಆರಿಸಿದ ಆ ವರ್ಷದ ಮತದಾರರ ಬಗ್ಗೆ ನನಗೆ ವಿಶೇಷ ಗೌರವವಿದೆ. ಅವರ ನಂತರ 1999ರಲ್ಲಿ ಕಾಂಗ್ರೆಸ್ಸಿನ ಅಕ್ಕರಕಿ ಯಲ್ಲಪ್ಪ, 2004ರಲ್ಲಿ ಜೆಡಿಎಸ್‌ನ ಆಲ್ಕೋಡ ಹನುಮಂತಪ್ಪ. ಹನುಮಂತಪ್ಪನವರೂ ಸಚಿವರಾದರು.

ಆಮೇಲೆ ಆಟದ ಅಂಗಳವೇ ಬದಲಾಯಿತು. ಎರಡು ತೀರ್ಮಾನಗಳು, ಎರಡೂ ದಿಲ್ಲಿಯವು. ಕರ್ನಾಟಕದಲ್ಲಿ ಬೇಡ, ಬೇಡರ್, ವಾಲ್ಮೀಕಿ, ನಾಯಕ ಎಂದೆಲ್ಲ ಕರೆಸಿಕೊಳ್ಳುವವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸ್ಪಷ್ಟವಾಗಿ ಸೇರಿದ್ದು 1991ರ ಕಾಯ್ದೆಯಿಂದ. ಆದರೆ ಕ್ಷೇತ್ರಗಳ ಗಡಿ ಮತ್ತು ಮೀಸಲಾತಿ ಹಳೆಯ ಜನಗಣತಿಯ ಮೇಲೆಯೇ ನಿಂತಿದ್ದವು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಮರುವಿಂಗಡಣಾ ಆಯೋಗ 2001ರ ಜನಗಣತಿ ಹಿಡಿದು ಹೊಸ ಗೆರೆ ಎಳೆಯಿತು. ರಾಜ್ಯದಲ್ಲಿ ಕೇವಲ 2 ಇದ್ದ ಪರಿಶಿಷ್ಟ ಪಂಗಡದ ವಿಧಾನಸಭಾ ಕ್ಷೇತ್ರಗಳು ಒಮ್ಮೆಲೇ 15 ಆದವು. ಲೋಕಸಭೆಯಲ್ಲಿ ಒಂದೂ ಇಲ್ಲದಿದ್ದುದು ಎರಡಾಯಿತು, ಬಳ್ಳಾರಿ ಮತ್ತು ರಾಯಚೂರು. ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಈ ನಾಲ್ಕು ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ. ಸಾಮಾನ್ಯಕ್ಕೆ ಉಳಿದದ್ದು ರಾಯಚೂರು ನಗರ ಮತ್ತು ಸಿಂಧನೂರು. ಹೊಸ ಗೆರೆಗಳ ಮೇಲೆ ದೇಶದಲ್ಲೇ ಮೊದಲು ಚುನಾವಣೆ ನಡೆಸಿದ ರಾಜ್ಯ ಕರ್ನಾಟಕ, 2008ರ ಮೇ ತಿಂಗಳಲ್ಲಿ. 2004ರಲ್ಲಿ ದೇವದುರ್ಗದಿಂದ ಗೆದ್ದಿದ್ದವರಿಗೆ 2008ರಲ್ಲಿ ಅದೇ ಕ್ಷೇತ್ರದಲ್ಲಿ ನಾಮಪತ್ರ ಹಾಕುವ ಹಕ್ಕೇ ಇರಲಿಲ್ಲ.

ಇದರ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ವಿಚಿತ್ರವಾದುದು. ಮೀಸಲು ಕ್ಷೇತ್ರದಲ್ಲಿ ಮುಖ್ಯ ಪಕ್ಷಗಳ ಅಭ್ಯರ್ಥಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮುದಾಯದವರಾಗುತ್ತಾರೆ. ಆಗ ಆ ಸಮುದಾಯದ ಓಟು ಮನೆತನ, ಊರು, ನೆಂಟಸ್ತನ ನೋಡಿ ಹಂಚಿಹೋಗುತ್ತದೆ. ಯಾರು ಗೆಲ್ಲಬೇಕೆಂಬುದನ್ನು ತೀರ್ಮಾನಿಸುವವರು ಅಭ್ಯರ್ಥಿಯಾಗಲು ಬಾರದ ಉಳಿದವರು. ಲಿಂಗಾಯತರು, ಕುರುಬರು, ದಲಿತರು, ಮುಸ್ಲಿಮರು. ಬೆಂಗಳೂರಿನ ಚುನಾವಣಾ ಪಂಡಿತರು ಟಿ.ವಿ.ಯಲ್ಲಿ ಕೂತು ದೇವದುರ್ಗಕ್ಕೆ ಜಾತಿ ಲೆಕ್ಕ ಹಚ್ಚುವಾಗ ಈ ಸರಳ ವಿಷಯವನ್ನು ಕಾಣದೆ ಹೋಗುತ್ತಾರೆ. ಇಲ್ಲಿ ಸ್ಪರ್ಧೆ ಜಾತಿ ಜಾತಿಗಳ ನಡುವೆ ನಡೆಯುವುದಿಲ್ಲ. ಕೆಲವು ವರ್ಷ ಅದು ಒಂದೇ ಊರಿನ ಎರಡು ಮನೆಗಳ ನಡುವೆ ನಡೆಯಿತು.

ಆ ಊರು ಅರಕೇರಾ. 2008ರ ಮೇ ತಿಂಗಳಲ್ಲಿ ಜೆಡಿಎಸ್‌ನಿಂದ ಗೆದ್ದವರು ಅರಕೇರಾದ ಕೆ. ಶಿವನಗೌಡ ನಾಯಕ. ಆ ಚುನಾವಣೆಯಲ್ಲಿ ಬಿಜೆಪಿಗೆ ಬಂದದ್ದು 110, ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರನ್ನು ಕೂಡಿಸಿಕೊಂಡು ಸರ್ಕಾರವೇನೋ ಆಯಿತು, ಭದ್ರವಾಗಿರಲಿಲ್ಲ. ಆಗ ಹುಟ್ಟಿದ್ದು ‘ಆಪರೇಷನ್ ಕಮಲ’. ಅದರ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಇಲ್ಲಿ ಬಿಡಿಸಿ ಹೇಳಬೇಕು. 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಒಡೆದು ಬಂದರೆ ಮಾಫಿ ಇತ್ತು. 2003ರ ತಿದ್ದುಪಡಿ ಅದನ್ನು ಮುಚ್ಚಿತು. ಪಕ್ಷ ಬಿಟ್ಟರೆ ಶಾಸಕತ್ವ ಹೋಗುತ್ತದೆ, ಸರಿ. ಆದರೆ ಶಾಸಕತ್ವಕ್ಕೆ ತಾನಾಗಿಯೇ ರಾಜೀನಾಮೆ ಕೊಟ್ಟವನನ್ನು ಯಾವ ಕಾನೂನು ಹಿಡಿಯುತ್ತದೆ? ಆತ ಹೊಸ ಪಕ್ಷದ ಚೀಟಿ ಹಿಡಿದು ಉಪಚುನಾವಣೆಗೆ ನಿಲ್ಲಬಹುದು, ಗೆಲ್ಲುವ ಮೊದಲೇ ಮಂತ್ರಿಯೂ ಆಗಬಹುದು. ಬಾಗಿಲು ಮುಚ್ಚಿದ ಮೇಲೆ ಕಿಟಕಿ ಹುಡುಕಿದರು.

ಏಳು ಶಾಸಕರು ರಾಜೀನಾಮೆ ಕೊಟ್ಟರು, ಅವರಲ್ಲಿ ನಮ್ಮವರೂ ಒಬ್ಬರು. ಶಾಸಕರೊಬ್ಬರು ತೀರಿಕೊಂಡು ತೆರವಾಗಿದ್ದ ಮದ್ದೂರನ್ನೂ ಸೇರಿಸಿ 2008ರ ಡಿಸೆಂಬರ್ ಕೊನೆಗೆ ಎಂಟು ಕಡೆ ಉಪಚುನಾವಣೆ ನಡೆಯಿತು. ದೊಡ್ಡಬಳ್ಳಾಪುರ, ಹುಕ್ಕೇರಿ, ಅರಭಾವಿ, ಕಾರವಾರ, ದೇವದುರ್ಗ, ಈ ಐದು ಬಿಜೆಪಿಗೆ ಸಿಕ್ಕಿ ಸಂಖ್ಯೆ 115ಕ್ಕೆ ಏರಿತು. ಮಧುಗಿರಿ, ತುರುವೇಕೆರೆ, ಮದ್ದೂರು ಜೆಡಿಎಸ್‌ಗೆ ಹೋದವು. ಮೇ ತಿಂಗಳಲ್ಲಿ ಜೆಡಿಎಸ್‌ನ ತೆನೆ ಹೊತ್ತ ಮಹಿಳೆಗೆ ಓಟು ಹಾಕಿದ್ದ ದೇವದುರ್ಗ ಡಿಸೆಂಬರಿನಲ್ಲಿ ಅದೇ ಮನುಷ್ಯನಿಗೆ ಕಮಲದ ಗುರುತಿನಲ್ಲಿ ಓಟು ಹಾಕಿತು. ಶಿವನಗೌಡರು ಸಚಿವರೂ ಆದರು. ಮತದಾರರು ಮಾರಿಕೊಂಡರು ಎಂದು ಹೊರಗಿನವರು ಬರೆದರು. ನನಗೆ ಹಾಗೆ ಅನಿಸುವುದಿಲ್ಲ. ಕಾಲುವೆ ನೀರು, ರಸ್ತೆ, ಹಾಸ್ಟೆಲ್, ಎಲ್ಲಕ್ಕೂ ಬೆಂಗಳೂರಿನ ಮುಖ ನೋಡುವ ತಾಲ್ಲೂಕು, ಆಳುವ ಪಕ್ಷದಲ್ಲಿ ತನ್ನವನೊಬ್ಬ ಇರಲಿ ಎಂದು ಬಯಸಿದ್ದರಲ್ಲಿ ಲೆಕ್ಕಾಚಾರವಿದೆ, ಮೂರ್ಖತನವಿಲ್ಲ.

ಮುಂದಿನದು ಕಾದಂಬರಿಯಂತಿದೆ. 2013ರಲ್ಲಿ, ನಾಲ್ಕು ಸಲ ಲೋಕಸಭೆ ಕಂಡಿದ್ದ ಹಿರಿಯರಾದ ವೆಂಕಟೇಶ ನಾಯಕರು ವಿಧಾನಸಭೆಗೆ ನಿಂತು ಶಿವನಗೌಡರನ್ನು ಸೋಲಿಸಿದರು. ಇಬ್ಬರೂ ಒಂದೇ ಊರಿನವರು, ಸಂಬಂಧಿಕರು. ಮರುವರ್ಷ ಲೋಕಸಭೆಗೆ ವೆಂಕಟೇಶ ನಾಯಕರ ಮಗ ಬಿ.ವಿ. ನಾಯಕ ಕಾಂಗ್ರೆಸ್ಸಿನಿಂದ, ಶಿವನಗೌಡರು ಬಿಜೆಪಿಯಿಂದ. ದೇಶದಲ್ಲೆಲ್ಲ ಮೋದಿಯವರ ಅಲೆ. ರಾಯಚೂರಿನಲ್ಲಿ ಬಿ.ವಿ. ನಾಯಕ 1,499 ಓಟಿನಿಂದ ಗೆದ್ದರು. ಎಂಟು ವಿಧಾನಸಭಾ ಕ್ಷೇತ್ರಗಳ ಲಕ್ಷಾಂತರ ಓಟಿನಲ್ಲಿ ಒಂದೂವರೆ ಸಾವಿರದ ಅಂತರ ಎಂದರೆ ನಮ್ಮ ಹೋಬಳಿಯ ಒಂದೆರಡು ದೊಡ್ಡ ಹಳ್ಳಿಗಳ ಓಟು. 2015ರ ಆಗಸ್ಟ್ 24ರ ನಸುಕಿನಲ್ಲಿ ಆಂಧ್ರದ ಪೆನುಕೊಂಡ ಹತ್ತಿರ ಗ್ರಾನೈಟ್ ಹೊತ್ತ ಲಾರಿಯೊಂದು ಲೆವೆಲ್ ಕ್ರಾಸಿಂಗಿನಲ್ಲಿ ಬೆಂಗಳೂರು–ನಾಂದೇಡ್ ರೈಲಿಗೆ ಗುದ್ದಿತು. ಸತ್ತವರಲ್ಲಿ ವೆಂಕಟೇಶ ನಾಯಕರೂ ಇದ್ದರು. 2016ರ ಫೆಬ್ರುವರಿಯಲ್ಲಿ ಮತ್ತೆ ಉಪಚುನಾವಣೆ. ಕಾಂಗ್ರೆಸ್ ಅವರ ಇನ್ನೊಬ್ಬ ಮಗ ರಾಜಶೇಖರ ನಾಯಕರನ್ನು ನಿಲ್ಲಿಸಿತು. ರಾಜ್ಯದಲ್ಲಿ ಸಿದ್ದರಾಮಯ್ಯನವರ ಸರ್ಕಾರ, ಸಾವಿನ ಅನುಕಂಪ, ಎರಡೂ ಇದ್ದರೂ ಗೆದ್ದವರು ಶಿವನಗೌಡ. 2018ರಲ್ಲಿಯೂ ಅವರೇ. ಆಳುವ ಪಕ್ಷದ ಕಡೆಗೇ ದೇವದುರ್ಗ ವಾಲುತ್ತದೆ ಎಂದು ಮೇಲೆ ನಾನು ಹಚ್ಚಿದ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು.

ಎಣಿಸಿ ನೋಡಿದರೆ 2008ರ ಮೇನಿಂದ 2018ರ ಮೇವರೆಗಿನ ಹತ್ತು ವರ್ಷಗಳಲ್ಲಿ ದೇವದುರ್ಗ ಐದು ಸಲ ಶಾಸಕರನ್ನು ಆರಿಸಿತು. ಐದರಲ್ಲಿ ನಾಲ್ಕು ಸಲ ಗೆದ್ದವರು ಒಬ್ಬರೇ. ಮಧ್ಯೆ ಬದಲಾದದ್ದು ಗುರುತು.

ಚುನಾವಣೆಯ ಹಗೆ ಮುಗಿಸಲು ಡೆಲವೇರಿನ ಸಸೆಕ್ಸ್ ಜಿಲ್ಲೆಯಲ್ಲಿ ಒಂದು ಪದ್ಧತಿಯಿದೆ. ಮತದಾನವಾಗಿ ಎರಡು ದಿನಕ್ಕೆ ಜಾರ್ಜ್‌ಟೌನ್ ಎಂಬ ಊರಿನಲ್ಲಿ ಗೆದ್ದವರೂ ಸೋತವರೂ ಒಂದೇ ಸಾರೋಟಿನಲ್ಲಿ ಕೂತು ಮೆರವಣಿಗೆ ಹೋಗುತ್ತಾರೆ. ಆಮೇಲೆ ಪಕ್ಷಗಳ ಮುಖಂಡರು ಸೇರಿ ಒಂದು ಕೈಗೊಡಲಿಯನ್ನು ಮಣ್ಣಿನಲ್ಲಿ ಹೂಳುತ್ತಾರೆ. ಹಗೆ ಮುಗಿಯಿತು ಎಂಬ ಸೂಚನೆ. ಅರಕೇರಾಕ್ಕೆ ಇಂಥದ್ದೊಂದು ಬೇಕಿತ್ತು ಎಂದು ತಮಾಷೆಗೆ ಅನ್ನಬಹುದು. ಆದರೆ ಇಲ್ಲಿ ಪಕ್ಷಗಳೇ ಆ ಕೆಲಸ ಮಾಡಿಬಿಟ್ಟವು: ಬಿ.ವಿ. ನಾಯಕರು 2023ರಲ್ಲಿ ಬಿಜೆಪಿ ಸೇರಿ ಅದೇ ಗುರುತಿನಲ್ಲಿ ಮಾನ್ವಿಯಿಂದ ನಿಂತರು, ಕಾಂಗ್ರೆಸ್ಸಿನ ಹಂಪಯ್ಯ ನಾಯಕರ ಎದುರು ಸೋತರು. ಕೊಡಲಿ ಹೂಳುವ ಮೊದಲೇ ಎರಡೂ ಮನೆ ಒಂದೇ ಪಕ್ಷದಲ್ಲಿದ್ದವು.

ಪಕ್ಷ ಬದಲಿಸಿದವರನ್ನು ನಮ್ಮ ಜಿಲ್ಲೆ ಯಾವಾಗಲೂ ಕ್ಷಮಿಸುತ್ತದೆ ಎಂದುಕೊಂಡರೆ ತಪ್ಪು. ಪಕ್ಕದ ಮಸ್ಕಿಯನ್ನು ನೋಡಿ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಓಟಿನಿಂದ ಸೋಲಿಸಿದ್ದರು. 2019ರಲ್ಲಿ ಕುಮಾರಸ್ವಾಮಿಯವರ ಜೆಡಿಎಸ್–ಕಾಂಗ್ರೆಸ್ ಸಮ್ಮಿಶ್ರ ಸರ್ಕಾರ ಬೀಳಿಸಿದ ಶಾಸಕರಲ್ಲಿ ಪ್ರತಾಪಗೌಡರೂ ಇದ್ದರು. 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ಬಂದಾಗ ಅವರು ಬಿಜೆಪಿಯ ಅಭ್ಯರ್ಥಿ, ಸೋತಿದ್ದ ಬಸನಗೌಡರು ಕಾಂಗ್ರೆಸ್ಸಿನ ಅಭ್ಯರ್ಥಿ. ಅಂಗಿ ಅದಲುಬದಲಾಗಿತ್ತು. ರಾಜ್ಯದಲ್ಲಿ ಬಿಜೆಪಿ ಸರ್ಕಾರ, ಸಾಲುಗಟ್ಟಿದ ಸಚಿವರ ಪ್ರಚಾರ. ಫಲಿತಾಂಶದಲ್ಲಿ ಬಸನಗೌಡರು 30,606 ಓಟಿನಿಂದ ಗೆದ್ದರು. 213 ಎಲ್ಲಿ, ಮೂವತ್ತು ಸಾವಿರ ಎಲ್ಲಿ!

ಅಲ್ಲಿ ನಡುವೆ ಬಂದದ್ದು ನೀರು. ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರು ಸುತ್ತಲಿನ ರೈತರು ದಿನಗಟ್ಟಲೆ ಧರಣಿ ಕೂತಿದ್ದರು. ಕಾಲುವೆಯ ಕೊನೆಭಾಗದ ರೈತನಿಗೆ ರಾಜಕೀಯ ಎಂದರೆ ನೀರು ತನ್ನ ಹೊಲದ ತನಕ ಬಂತೋ ಇಲ್ಲವೋ ಎಂಬುದು. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ನಲವತ್ತು ವರ್ಷ ದಾಟಿದೆ. ಬಲದಂಡೆ ಕಾಲುವೆ ದೇವದುರ್ಗ ತಾಲ್ಲೂಕಿಗೂ ಬಂದಿದೆ. ಮೇಲ್ಭಾಗದಲ್ಲಿ ಭತ್ತ, ಕೆಳಗೆ ಹೋದ ಹಾಗೆ ಒಣಗುವ ಹತ್ತಿ. ಚುನಾವಣೆಯ ಭಾಷಣದಲ್ಲಿ ಕೊನೆಭಾಗಕ್ಕೆ ನೀರು ಎಂಬ ಮಾತಿಲ್ಲದೆ ಮೈಕು ಬಂದ್ ಆಗುವುದಿಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ಅದರ ಸೂಚ್ಯಂಕದಲ್ಲಿ ಎಲ್ಲಕ್ಕೂ ಕೆಳಗಿದ್ದದ್ದು ದೇವದುರ್ಗ. ಸಂವಿಧಾನದಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ಕಲಂ, ಅದರಡಿಯ ಪ್ರದೇಶಾಭಿವೃದ್ಧಿ ಮಂಡಳಿ, ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ‘ಕಲ್ಯಾಣ’ ಎಂಬ ಹೊಸ ಹೆಸರು, ಇವೆಲ್ಲ ಆ ವರದಿಯ ನಂತರ ಬಂದವು. ಲಲಿತಾ ನಾಯಕರಿಂದ ಶಿವನಗೌಡರವರೆಗೆ ಮೂವರು ಸಚಿವರನ್ನು ಕೊಟ್ಟ ಕ್ಷೇತ್ರ ಇದು. ಆದರೂ ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡಗಳಿಗೆ ಗುಳೆ ಹೋಗುವ ಮಂದಿ ನಿಂತಿಲ್ಲ. ಓಟಿನ ಹಿಂದಿನ ದಿನ ಅವರನ್ನು ಕರೆತರಲು ಕ್ರೂಸರು, ಬಸ್ಸುಗಳು ಹೋಗುತ್ತವೆ. ಓಟು ಹಾಕಿದ ಸಂಜೆಯೇ ಅವೇ ಬಸ್ಸುಗಳು ವಾಪಸ್ಸು.

2023ರ ಮೇ ತಿಂಗಳಲ್ಲಿ ದೇವದುರ್ಗ ಮತ್ತೊಮ್ಮೆ ಎಲ್ಲರ ಅಂದಾಜು ಕೆಡಿಸಿತು. ಜೆಡಿಎಸ್‌ನ ಕರೆಮ್ಮ ಜಿ. ನಾಯಕ ಅವರು ಶಿವನಗೌಡರನ್ನು ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಓಟಿನಿಂದ ಸೋಲಿಸಿದರು. ಹೊಳೆಯ ಉಸುಕಿನ ಅಕ್ರಮ ಸಾಗಣೆಯ ವಿರುದ್ಧ ಅವರು ಎತ್ತಿದ ದನಿಯೂ ಊರೂರು ತಿರುಗಿ ಮಾಡಿದ ಪ್ರಚಾರವೂ ಕೆಲಸ ಮಾಡಿದವು. ರಾಜ್ಯದಲ್ಲಿ ಜೆಡಿಎಸ್ 19ಕ್ಕೆ ಕುಸಿದ ಚುನಾವಣೆ ಅದು. ಇಡೀ ಕಲ್ಯಾಣ ಕರ್ನಾಟಕದಲ್ಲಿ ಆ ಪಕ್ಷಕ್ಕೆ ಸಿಕ್ಕ ಮೂರೇ ಸ್ಥಾನಗಳಲ್ಲಿ ಒಂದು ದೇವದುರ್ಗ, ಇನ್ನೊಂದು ಗುರುಮಠಕಲ್. ಗುರುಮಠಕಲ್‌ನಲ್ಲಿ ಗೆದ್ದವರು ಯಾರು ಗೊತ್ತೇ? ದೇವದುರ್ಗದ ಐಬಿಯ ಮಾತುಕತೆಯನ್ನು ಹೊರಹಾಕಿದ ಶರಣಗೌಡ ಕಂದಕೂರ.

ಕಾಂಗ್ರೆಸ್ಸಿಗೆ ಆ ಸಲ 135 ಸ್ಥಾನ ಬಂದಿದ್ದವು. ಯಾರಿಗೂ ಯಾರ ಶಾಸಕರೂ ಬೇಕಾಗಿರಲಿಲ್ಲ. ದೇವದುರ್ಗದ ಐಬಿಗೆ ರಾತ್ರಿ ಕಾರುಗಳು ಬರುವ ಕಾರಣ ಉಳಿಯಲಿಲ್ಲ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಜೆಡಿಎಸ್ ಮತ್ತು ಬಿಜೆಪಿ ದಿಲ್ಲಿಯಲ್ಲಿ ಮೈತ್ರಿ ಮಾಡಿಕೊಂಡವು. ಬಿಜೆಪಿಯನ್ನು ಸೋಲಿಸಲೆಂದು ತೆನೆ ಹೊತ್ತ ಮಹಿಳೆಗೆ ಒತ್ತಿದ ದೇವದುರ್ಗದ ಓಟು ಬಿಜೆಪಿಯ ಗೆಳೆಯರ ಓಟಾಯಿತು. ಶರಣಗೌಡರು ಆ ಮೈತ್ರಿಗೆ ಬಹಿರಂಗವಾಗಿಯೇ ಅಪಸ್ವರ ತೆಗೆದರು. 2024ರ ಲೋಕಸಭೆಗೆ ಗುಂತಗೋಳ ಅರಸು ಮನೆತನದ ರಾಜಾ ಅಮರೇಶ್ವರ ನಾಯಕರು ಮೈತ್ರಿಯ ಅಭ್ಯರ್ಥಿಯಾಗಿ ನಿಂತರು. 2019ರಲ್ಲಿ 1,17,716 ಓಟಿನ ಅಂತರದಲ್ಲಿ ಗೆದ್ದಿದ್ದವರು ಅವರು. ಈ ಸಲ ಹಿಂದೊಮ್ಮೆ ರಾಯಚೂರಿನ ಜಿಲ್ಲಾಧಿಕಾರಿಯಾಗಿದ್ದ ಕಾಂಗ್ರೆಸ್ಸಿನ ಜಿ. ಕುಮಾರ ನಾಯಕರೆದುರು 79,781 ಓಟಿನಿಂದ ಸೋತರು. ಮೈತ್ರಿ ಮೇಲೆ ಆದಷ್ಟು ಸಲೀಸಾಗಿ ಕೆಳಗೆ ಆಗಲಿಲ್ಲ.

ಇಷ್ಟೆಲ್ಲ ಚುನಾವಣೆಗಳ ನಡುವೆ ಜಾಲಹಳ್ಳಿಯವರಿಗೆ ನಿಜಕ್ಕೂ ಹತ್ತಿರದ ಚುನಾವಣೆ ಯಾವುದು? ನಮ್ಮ ಶಾಲೆಯ ಸೋರುವ ಮಾಳಿಗೆ, ಆರೋಗ್ಯ ಕೇಂದ್ರದ ಖಾಲಿ ಹುದ್ದೆ, ಕುಡಿಯುವ ನೀರಿನ ಮೋಟಾರು, ಇವು ಹೋಗಿ ಮುಟ್ಟುವುದು ತಾಲ್ಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿಗೆ. ಆ ಎರಡಕ್ಕೂ ಕರ್ನಾಟಕದಲ್ಲಿ ಕೊನೆಯ ಸಲ ಓಟು ನಡೆದದ್ದು 2016ರ ಫೆಬ್ರುವರಿಯಲ್ಲಿ, ದೇವದುರ್ಗದ ಉಪಚುನಾವಣೆಯ ತಿಂಗಳಲ್ಲೇ. ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರಗಳ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಒಂದಾದ ಮೇಲೊಂದು ಕಾರಣ ಹೇಳುತ್ತ ಬಿಜೆಪಿ ಸರ್ಕಾರವೂ ಅದರ ನಂತರದ ಕಾಂಗ್ರೆಸ್ ಸರ್ಕಾರವೂ ಅದನ್ನು ವರ್ಷ ವರ್ಷ ಮುಂದೂಡಿದವು. ಸದಸ್ಯರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು. ವಿಧಾನಸೌಧದ ಲೆಕ್ಕ ತಪ್ಪಿದಾಗ ಏಳು ತಿಂಗಳಲ್ಲಿ ಎರಡನೇ ಸಲ ನಮ್ಮ ಮುಂದೆ ಮತಯಂತ್ರ ತಂದಿಟ್ಟ ವ್ಯವಸ್ಥೆಗೆ ಜಾಲಹಳ್ಳಿ ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯನನ್ನು ಆರಿಸಲು ದಿನಾಂಕ ಸಿಗಲಿಲ್ಲ. ಆ ಒಂದು ಸೀಟು ಕಡಿಮೆ ಬಿದ್ದರೆ ಯಾವ ಸರ್ಕಾರವೂ ಬೀಳುವುದಿಲ್ಲವಲ್ಲ.